ಮೀನಿನ ಟ್ಯಾಂಕಿನ ಲೆಕ್ಕ: ನೋಟ್‌ಬುಕ್, ಶೀಟ್, ಆಪ್, ಕೊನೆಗೆ ಅಡುಗೆಮನೆ ಕ್ಯಾಲೆಂಡರ್

ನಮ್ಮದು ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕ್. ಅಂಚಿನವರೆಗೆ ತುಂಬಿದರೆ 56 ಲೀಟರ್ ಚಿಲ್ಲರೆ, ಮರಳು, ಕಲ್ಲು ಕಳೆದರೆ ಐವತ್ತೂ ಇಲ್ಲ. ಇಷ್ಟು ಸಣ್ಣ ಟ್ಯಾಂಕಿಗೆ ನಾಲ್ಕು ಥರದ ಲೆಕ್ಕ ಇಟ್ಟಿದ್ದೆ ಅಂದರೆ ನಗುತ್ತೀರೇನೋ. ನಗಿ, ಪರವಾಗಿಲ್ಲ. ಆದರೆ ಐದು ನಿಯಾನ್ ಟೆಟ್ರಾ (ಸಣ್ಣ ಮೀನುಗಳು) ಯಾಕೆ ಸತ್ತವು ಅಂತ ಗೊತ್ತಾಗಿದ್ದು ಈ ನಾಲ್ಕರಲ್ಲಿ ಒಂದರಿಂದ ಮಾತ್ರ. ಅದೂ ನಾನು ತೀರಾ ಹಗುರವಾಗಿ ಕಂಡಿದ್ದ ಒಂದರಿಂದ.

ಮೊದಲು ಶುರು ಮಾಡಿದ್ದು ನೋಟ್‌ಬುಕ್. 2023ರ ನವೆಂಬರ್‌ನಲ್ಲಿ ಟ್ಯಾಂಕ್ ಇಟ್ಟಾಗ ಮೀನು ಬಿಡದೆ, ದಿನಾ ಒಂದು ಚಿಟಿಕೆ ಆಹಾರ ಹಾಕಿ ಕಾಯುತ್ತಿದ್ದೆ. ಕೊಳೆತ ಆಹಾರದಿಂದ ಮೀನಿಗೆ ವಿಷವಾದ ಅಮೋನಿಯ ಬರಬೇಕು, ಒಂದು ಜಾತಿ ಬ್ಯಾಕ್ಟೀರಿಯ ಅದನ್ನು ನೈಟ್ರೈಟ್ (ಅದೂ ವಿಷವೇ) ಮಾಡಬೇಕು, ಇನ್ನೊಂದು ಜಾತಿ ಅದನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡಬೇಕು. ಇದಕ್ಕೆ ನಾಲ್ಕರಿಂದ ಆರು ವಾರ ಬೇಕು. ದಿನಾ ಸಂಜೆ ನೀರು ಪರೀಕ್ಷೆಯ ಕಿಟ್‌ನ ಹನಿ ಹಾಕಿ, ಬಣ್ಣ ನೋಡಿ, ಬರೆಯುತ್ತಿದ್ದೆ. ಆಗ ನೋಟ್‌ಬುಕ್‌ಗೆ ಸಾಟಿಯೇ ಇರಲಿಲ್ಲ. ಅಂಕಿಯ ಪಕ್ಕದಲ್ಲೇ 'ಬಣ್ಣ ಹಸಿರೋ ಹಳದಿಯೋ ಗೊತ್ತಾಗ್ತಿಲ್ಲ, ಟ್ಯೂಬ್‌ಲೈಟಲ್ಲಿ ನೋಡಿದೆ' ಅಂತ ಬರೆಯಬಹುದು. ಶೀಟ್‌ನಲ್ಲಿ ಇದಕ್ಕೆ ಜಾಗ ಎಲ್ಲಿದೆ?

ಒಂದು ಸಣ್ಣ ವಿಷಯ. ಜೆಲ್ ಪೆನ್ ಬೇಡವೇ ಬೇಡ. ಒದ್ದೆ ಕೈ ತಾಗಿದರೆ ಸಾಕು, ಎರಡು ವಾರದ ಲೆಕ್ಕ ನೀಲಿ ಕೆರೆ ಆಗುತ್ತದೆ. ಪೆನ್ಸಿಲ್ ಒಂದೇ ಗತಿ.

ಜನವರಿ ಚಳಿಯಲ್ಲಿ ಒಂದು ನಿಯಾನ್‌ನ ಬಾಲದ ಮೇಲೆ ಉಪ್ಪಿನ ಹರಳಿನಂತಹ ಬಿಳಿ ಚುಕ್ಕೆ ಕಂಡಿತು. ಅದೇ ವೈಟ್ ಸ್ಪಾಟ್, ಒಂದು ಪರಾವಲಂಬಿಯಿಂದ ಬರುವ ಕಾಯಿಲೆ. ಇದರಲ್ಲಿ ಒಂದು ಕಷ್ಟ ಇದೆ. ಚುಕ್ಕೆ ಮೀನಿನ ಮೈಮೇಲೆ ಇರುವಾಗ ಆ ಪರಾವಲಂಬಿಗೆ ಔಷಧಿ ತಾಗುವುದಿಲ್ಲ. ಅದು ಕೆಳಗೆ ಬಿದ್ದು, ಒಂದು ನೂರಾರಾಗಿ ಒಡೆದು, ಮರಿಗಳು ನೀರಿನಲ್ಲಿ ಈಜುವಾಗ ಮಾತ್ರ ಸಾಯುತ್ತವೆ. ಹಾಗಾಗಿ ಚುಕ್ಕೆ ಮಾಯವಾಯಿತು ಅಂತ ಔಷಧಿ ನಿಲ್ಲಿಸಿದರೆ ಮತ್ತೆ ಬರುತ್ತದೆ. ಎಷ್ಟನೇ ಡೋಸ್, ಎಷ್ಟು ಹೊತ್ತಿಗೆ ಹಾಕಿದೆ, ಅವತ್ತು ಎಷ್ಟು ಚುಕ್ಕೆ ಇದ್ದವು, ಎಲ್ಲವೂ ನೋಟ್‌ಬುಕ್‌ನಲ್ಲಿ ಇದ್ದಿದ್ದರಿಂದ ನಾಲ್ಕನೇ ದಿನ ನಿಲ್ಲಿಸುವ ಆಸೆ ಬಂದರೂ ನಿಲ್ಲಿಸಲಿಲ್ಲ.

ಆದರೆ ಕಾಯಿಲೆ ಇಲ್ಲದಾಗ ನೋಟ್‌ಬುಕ್ ತೆರೆಯುವವರು ಯಾರು? ಫೆಬ್ರವರಿಯಲ್ಲಿ ನಾನು ಬರೆದಿದ್ದು ಬರೀ ಮೂರು ಸಲ.

ಅಷ್ಟರಲ್ಲಿ ಫೋನ್‌ನಲ್ಲಿ ಶೀಟ್ ಶುರು ಮಾಡಿದ್ದೆ. ತಾರೀಕು, ಪಿಹೆಚ್, ಅಮೋನಿಯ, ನೈಟ್ರೈಟ್, ನೈಟ್ರೇಟ್, ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಅಳತೆ), ಬದಲಿಸಿದ ನೀರು. ಏಳು ಕಾಲಂ, ಒಂದು ಚಂದದ ಗ್ರಾಫ್. ಗ್ರಾಫ್ ಕಲಿಸಿದ ಪಾಠ ಒಂದಿದೆ. ನಾನು ಭಾನುವಾರ ಭಾನುವಾರ ಕಾಲು ಭಾಗ ನೀರು ಬದಲಿಸುತ್ತಿದ್ದೆ, ನೈಟ್ರೇಟ್ ಮಾತ್ರ ಏರುತ್ತಲೇ ಹೋಯಿತು. ಲೆಕ್ಕ ಹಾಕಿದರೆ ಸರಳ. ವಾರಕ್ಕೆ 10 ಪಿಪಿಎಂ (ಲೀಟರಿಗೆ 10 ಮಿಲಿಗ್ರಾಂ) ಹುಟ್ಟುತ್ತಿದೆ, ಹೊಸ ನೀರಿನಲ್ಲಿ ನೈಟ್ರೇಟ್ ಇಲ್ಲ ಅಂತ ಇಟ್ಟುಕೊಂಡರೆ, ಕಾಲು ಭಾಗ ಬದಲಿಸುವವರ ಟ್ಯಾಂಕ್ 40ಕ್ಕೆ ಹೋಗಿ ನಿಲ್ಲುತ್ತದೆ, ಅರ್ಧ ಬದಲಿಸುವವರದ್ದು 20ಕ್ಕೆ. ಇದನ್ನು ನೋಟ್‌ಬುಕ್ ಪುಟ ತಿರುಗಿಸುತ್ತಾ ಕಂಡುಹಿಡಿಯುವುದು ನನ್ನ ಕೈಲಂತೂ ಆಗುತ್ತಿರಲಿಲ್ಲ. ಅಂದಿನಿಂದ ಅರ್ಧ ಬದಲಿಸಲು ಶುರು ಮಾಡಿದೆ (ಇದು ಮುಂದೆ ಮುಖ್ಯ).

ಶೀಟ್‌ನ ದೋಷ ಏನೆಂದರೆ ಅದು ಸುಳ್ಳನ್ನೂ ನೀಟಾಗಿ ತೋರಿಸುತ್ತದೆ. ನೈಟ್ರೇಟ್ ಕಿಟ್‌ನ ಎರಡನೇ ಬಾಟಲಿಯನ್ನು ಚೆನ್ನಾಗಿ ಕುಲುಕಬೇಕು, ಇಲ್ಲದಿದ್ದರೆ ತಳದಲ್ಲಿ ಕೂತ ಪುಡಿ ಹನಿಯ ಜೊತೆ ಬರುವುದಿಲ್ಲ, ರೀಡಿಂಗ್ ಕಡಿಮೆ ತೋರಿಸುತ್ತದೆ. ಒಂದು ವಾರ ಹಾಗೇ ಆಗಿ 5 ಬಂತು. ನೋಟ್‌ಬುಕ್‌ನಲ್ಲಿ '5, ಬಾಟಲಿ ಕುಲುಕಲು ಮರೆತೆ' ಅಂತ ಇದೆ. ಶೀಟ್‌ನಲ್ಲಿ ಬರೀ 5.

ಆಪ್ ಬಗ್ಗೆ ಹೆಚ್ಚು ಹೇಳಲ್ಲ. ಹೆಸರೂ ಬೇಡ. ಫಿಲ್ಟರ್ ತೊಳೆಯಲು ನೆನಪಿಸುತ್ತಿತ್ತು, ಅದು ಒಳ್ಳೆಯದೇ. ಫೋನ್ ಬದಲಿಸಿದಾಗ ಮೂರು ತಿಂಗಳ ದಾಖಲೆ ಹೊಸದಕ್ಕೆ ಬರಲೇ ಇಲ್ಲ. ಹೊರಗೆ ತೆಗೆದಿಟ್ಟುಕೊಳ್ಳುವ ದಾರಿ ಇದೆಯಾ ಅಂತ ಮೊದಲೇ ನೋಡದಿದ್ದುದು ನನ್ನ ತಪ್ಪು ಕೂಡ.

ಇನ್ನು ಕ್ಯಾಲೆಂಡರ್. ಅಡುಗೆಮನೆ ಗೋಡೆಯ, ದೊಡ್ಡ ಅಂಕಿಯ, ತಿಥಿ ನಕ್ಷತ್ರ ಎಲ್ಲಾ ಇರುವ ಅದೇ ಕ್ಯಾಲೆಂಡರ್. ಬಕೆಟ್ ತೊಳೆಯುವ ಸಿಂಕ್‌ನ ಪಕ್ಕದಲ್ಲೇ ಇತ್ತು, ಪೆನ್ಸಿಲನ್ನು ದಾರ ಕಟ್ಟಿ ನೇತುಹಾಕಿದ್ದರು, ಹಾಗಾಗಿ ಸುಮ್ನೆ ಗೀಚತೊಡಗಿದೆ. ನೀರು ಬದಲಿಸಿದರೆ 'ನೀ', ಫಿಲ್ಟರ್ ತೊಳೆದರೆ 'ಫಿ', ಮೀನು ಸತ್ತರೆ ಒಂದು ಇಂಟು. "ಏನೋ ಇದು, ಹಾಲಿನ ಲೆಕ್ಕದ ಮಧ್ಯೆ ನಿನ್ನ ಮೀನಿನ ಲೆಕ್ಕ" ಅಂತ ಅಮ್ಮ ಗೊಣಗಿದರು. ಆದರೆ ಒಂದೂವರೆ ವರ್ಷದಲ್ಲಿ ಒಂದು ವಾರವೂ ತಪ್ಪದೆ ಬರೆದಿದ್ದು ಇದರಲ್ಲಿ ಮಾತ್ರ.

2024ರ ಬೇಸಿಗೆ ಬೆಂಗಳೂರಿನಲ್ಲಿ ಇದ್ದವರಿಗೆ ನೆನಪಿರಬೇಕು. ಬೋರ್‌ವೆಲ್ ಬತ್ತಿ, ಎಲ್ಲೆಲ್ಲೂ ಟ್ಯಾಂಕರ್‌ಗೆ ಕ್ಯೂ. ಮಾರ್ಚ್ 17ರ ಭಾನುವಾರ ನೀರು ಬದಲಿಸಿದೆ, ಮರುದಿನ ಮೂರು ನಿಯಾನ್ ಹೋದವು. ಏಪ್ರಿಲ್ 7ಕ್ಕೆ ಬದಲಿಸಿದೆ, ಎರಡು ದಿನದಲ್ಲಿ ಇನ್ನೆರಡು. ಶೀಟ್‌ನಲ್ಲಿ ಅಮೋನಿಯ ಸೊನ್ನೆ, ನೈಟ್ರೈಟ್ ಸೊನ್ನೆ. ಟಿಡಿಎಸ್ ಕಾಲಂ ಎರಡೂ ವಾರ ಖಾಲಿ, ಯಾಕೆಂದರೆ ಮೀಟರ್‌ನ ಸೆಲ್ ಮುಗಿದಿತ್ತು, ನಾಳೆ ತರೋಣ ಅಂತಿದ್ದೆ. ಎರಡನೆಯದು ಸತ್ತಿದ್ದು ಯುಗಾದಿ ದಿನ. "ಹಬ್ಬದ ಮನೇಲಿ ಇಂಟು ಹಾಕಬೇಡ" ಅಂತ ಅಮ್ಮ ತಡೆದರು, ಅದಕ್ಕೆ ಹತ್ತನೇ ತಾರೀಕಿನ ಮೇಲೆ ಹಾಕಿದೆ. ಹಾಗೆ ಹಾಕುವಾಗಲೇ ಕಣ್ಣಿಗೆ ಬಿದ್ದಿದ್ದು, ಆರನೇ ತಾರೀಕಿನ ಮನೆಯಲ್ಲಿ ಅಮ್ಮನ ಅಕ್ಷರದಲ್ಲಿ 'ಟ್ಯಾಂಕರ್', ಪಕ್ಕದಲ್ಲಿ ಕೊಟ್ಟ ದುಡ್ಡು. ಹಿಂದಿನ ಹಾಳೆ ತಿರುಗಿಸಿದೆ. ಮಾರ್ಚ್ 16ರಲ್ಲೂ 'ಟ್ಯಾಂಕರ್'.

ಹೊಸ ಸೆಲ್ ಹಾಕಿ ಅಳೆದೆ. ನಮ್ಮ ಕಾವೇರಿ ನೀರು 200ರ ಆಸುಪಾಸು, ಸಂಪಿನಲ್ಲಿದ್ದ ಟ್ಯಾಂಕರ್ ನೀರು 800 ದಾಟಿತ್ತು. ಮೆದು ನೀರಿನ ಮೀನಿಗೆ ಅರ್ಧ ಟ್ಯಾಂಕ್ ಗಡಸು ನೀರನ್ನು ಒಂದೇ ಸಲ ಸುರಿದಿದ್ದೆ. ಕಾಲು ಭಾಗವೇ ಬದಲಿಸುತ್ತಿದ್ದರೆ ಬಹುಶಃ ತಡೆದುಕೊಳ್ಳುತ್ತಿದ್ದವು. ಶೀಟ್ ಹೇಳಿದ್ದನ್ನು ಕೇಳಿಯೇ ಹೀಗಾಯಿತು ಅಂತಲ್ಲ, ಆದರೆ ನೀರು ಎಲ್ಲಿಂದ ಬಂತು ಅನ್ನುವುದಕ್ಕೆ ನಾನು ಕಾಲಂ ಇಟ್ಟಿರಲೇ ಇಲ್ಲ. ಕೇಳಬೇಕು ಅಂತ ಹೊಳೆಯದ ಪ್ರಶ್ನೆಗೆ ಕಾಲಂ ಇಡುವುದಾದರೂ ಹೇಗೆ? ಕ್ಯಾಲೆಂಡರ್‌ನಲ್ಲಿ ಮನೆಯವರೆಲ್ಲ ಅವರವರ ಕೆಲಸಕ್ಕೆ ಬರೆಯುತ್ತಾರೆ, ಹಾಗಾಗಿ ನಾನು ಕೇಳದ್ದೂ ಅಲ್ಲಿತ್ತು.

ಕ್ಯಾಲೆಂಡರ್‌ಗೂ ಕಾಟಗಳಿವೆ. ಅಂಕಿಗಳಿಗೆ ಜಾಗ ಸಾಲದು. ತಿಂಗಳು ಮುಗಿದ ಹಾಳೆಗೆ ಮನೆಯಲ್ಲಿ ಬೇರೆ ಕೆಲಸ ಇರುತ್ತದೆ, ನನ್ನ ಫೆಬ್ರವರಿ ಸಿಕ್ಕಿದ್ದು ಉಪ್ಪಿನಕಾಯಿ ಭರಣಿಯ ಕೆಳಗೆ, ಎಣ್ಣೆ ಕುಡಿದು. ಈಗ ತಿಂಗಳ ಕೊನೆಗೆ ಒಂದು ಫೋಟೋ ತೆಗೆದಿಟ್ಟುಕೊಳ್ಳುತ್ತೇನೆ.

ಆಪ್ ಅಳಿಸಿದೆ. ಶೀಟ್ ತಿಂಗಳಿಗೊಮ್ಮೆ, ನೈಟ್ರೇಟ್ ಮತ್ತು ಟಿಡಿಎಸ್‌ಗೆ ಮಾತ್ರ. ನೋಟ್‌ಬುಕ್ ಕಾಯಿಲೆ ಬಂದಾಗ, ಹೊಸ ಮೀನು ತಂದಾಗ. ಉಳಿದದ್ದೆಲ್ಲ ಗೋಡೆ ಮೇಲೆ. ಎರಡು ಇಪ್ಪತ್ತು ಲೀಟರ್ ಕ್ಯಾನ್‌ಗಳಲ್ಲಿ ಕಾವೇರಿ ನೀರು ಹಿಡಿದಿಡುತ್ತೇನೆ. ಟ್ಯಾಂಕರ್ ಬಂದ ದಿನ ಅಮ್ಮ ಈಗ ದುಡ್ಡಿನ ಕೆಳಗೆ ಇನ್ನೂ ಒಂದು ಸಾಲು ಬರೆಯುತ್ತಾರೆ: 'ಮೀನಿಗೆ ಬೇಡ'.