ಜ್ಯೂಸ್‌ನ ಶೇರ್ಡ್‌ರಿಸೋರ್ಸ್‌ಪಾಯಿಂಟರ್: ಓದಲು ಸರಿ, ಬದಲಿಸಲು ಹುಷಾರು

ಆಡಿಯೊ ಪ್ಲಗಿನ್ (ಸಂಗೀತ ಸಾಫ್ಟ್‌ವೇರ್‌ನೊಳಗೆ ಓಡುವ ಪುಟ್ಟ ಪ್ರೋಗ್ರಾಂ) ಬರೆಯುವವರಿಗೆ ಸಿ++ನ ಜ್ಯೂಸ್ (JUCE) ಫ್ರೇಮ್‌ವರ್ಕ್ ಗೊತ್ತೇ ಇರುತ್ತದೆ. ಅದರಲ್ಲಿ ಶೇರ್ಡ್‌ರಿಸೋರ್ಸ್‌ಪಾಯಿಂಟರ್ ಅಂತ ಒಂದು ಪುಟ್ಟ ಕ್ಲಾಸ್ ಇದೆ. ಮೊದಲ ಪ್ಲಗಿನ್ ತೆರೆದಾಗ ಒಳಗಿನ ಆಬ್ಜೆಕ್ಟ್ ಹುಟ್ಟುತ್ತದೆ, ಆಮೇಲೆ ಅದೇ ಪ್ಲಗಿನ್ ಎಷ್ಟು ಸಲ ತೆರೆದರೂ ಎಲ್ಲವೂ ಅದನ್ನೇ ಬಳಸುತ್ತವೆ, ಕೊನೆಯದು ಮುಚ್ಚಿದಾಗ ಅದೂ ಹೋಗುತ್ತದೆ. ಗ್ಲೋಬಲ್ ವೇರಿಯಬಲ್ ಇಟ್ಟುಕೊಂಡು ಯಾವಾಗ ಅಳಿಸಬೇಕು ಅಂತ ತಲೆ ಕೆಡಿಸಿಕೊಳ್ಳುವುದಕ್ಕಿಂತ ಎಷ್ಟೋ ವಾಸಿ.

ಲೆಕ್ಕ ಹಾಕಿ ನೋಡಿ. 48 ಕಿಲೋಹರ್ಟ್ಜ್, 32 ಬಿಟ್ ಫ್ಲೋಟ್, ಒಂದು ನಿಮಿಷದ ಸ್ಟೀರಿಯೊ ಪಿಯಾನೊ ಸ್ಯಾಂಪಲ್ ಅಂದರೆ ಸುಮಾರು 23 ಎಂಬಿ. ಎಂಟು ಟ್ರ್ಯಾಕ್‌ಗೆ ಎಂಟು ಪ್ರತಿ ಇಟ್ಟರೆ 184 ಎಂಬಿ. ಸುಮ್ನೆ ದಂಡ ಅಲ್ವಾ? ಇಲ್ಲಿ 23ರಲ್ಲೇ ಮುಗಿಯುತ್ತದೆ. ಒಂದು ಕಿರಿಕಿರಿ ಇದೆ: ಕನ್‌ಸ್ಟ್ರಕ್ಟರ್‌ಗೆ ಆರ್ಗ್ಯುಮೆಂಟ್ ಕೊಡುವ ಹಾಗಿಲ್ಲ, ಯಾವ ಫೈಲ್ ಬೇಕು ಅಂತ ಆಮೇಲೆ ಹೇಳಬೇಕು.

ಅಸಲಿ ತೊಂದರೆ ಬೇರೆ. ಥ್ರೆಡ್‌ಗಳ (ಒಂದೇ ಪ್ರೋಗ್ರಾಂನಲ್ಲಿ ಒಟ್ಟಿಗೆ ಓಡುವ ಕೆಲಸಗಳ) ನಡುವೆ ಕೆಡದೆ ಉಳಿಯುವುದು ಎಷ್ಟು ಮಂದಿ ಬಳಸುತ್ತಿದ್ದಾರೆ ಅನ್ನುವ ಎಣಿಕೆ ಮಾತ್ರ, ಒಳಗಿನ ಡೇಟಾಗೆ ಕಾವಲಿಲ್ಲ. ರೀಪರ್‌ನಂಥ ಹೋಸ್ಟ್ (ಪ್ಲಗಿನ್‌ಗಳನ್ನು ಓಡಿಸುವ ಸಂಗೀತ ಸಾಫ್ಟ್‌ವೇರ್) ಹಲವು ಟ್ರ್ಯಾಕ್‌ಗಳನ್ನು ಬೇರೆ ಬೇರೆ ಥ್ರೆಡ್‌ನಲ್ಲಿ ಒಟ್ಟಿಗೆ ಓಡಿಸುತ್ತದೆ, ಹಾಗಾಗಿ ಒಬ್ಬರು ಓದುವಾಗ ಇನ್ನೊಬ್ಬರು ಬರೆದರೆ ಕೆಟ್ಟ ಹಾಗೇ. ಮ್ಯೂಟೆಕ್ಸ್ (ಒಮ್ಮೆಗೆ ಒಬ್ಬರನ್ನೇ ಒಳಗೆ ಬಿಡುವ ಬೀಗ) ಹಾಕಿ ಕಾಯೋಣ ಅಂದರೆ 64 ಸ್ಯಾಂಪಲ್‌ನ (ಇಲ್ಲಿ ಸ್ಯಾಂಪಲ್ ಅಂದರೆ ಧ್ವನಿಯ ಒಂದೊಂದು ಅಳತೆ) ಬಫರ್‌ಗೆ ಸಿಗುವುದೇ 1.33 ಮಿಲಿಸೆಕೆಂಡ್. ತಡವಾದರೆ ಸ್ಪೀಕರ್‌ನಲ್ಲಿ ‘ಟಕ್’.

ಓಡುತ್ತಿರುವಾಗಲೇ ಸ್ಯಾಂಪಲ್ ಬದಲಿಸಬೇಕಾದರೆ ರೆಫರೆನ್ಸ್‌ಕೌಂಟೆಡ್‌ಆಬ್ಜೆಕ್ಟ್‌ಪಿಟಿಆರ್ (ಎಷ್ಟು ಮಂದಿ ಹಿಡಿದಿದ್ದಾರೆ ಅಂತ ಎಣಿಸಿ, ಯಾರೂ ಉಳಿಯದಾಗ ಅಳಿಸುವ ಪಾಯಿಂಟರ್) ಬಳಸಿ. ಆದರೆ ಹಳೆಯ ಸ್ಯಾಂಪಲ್ ಇರುವ ಬಫರ್‌ನ ಕೊನೆಯ ಹಿಡಿತ ಆಡಿಯೊ ಥ್ರೆಡ್‌ನಲ್ಲೇ ಬಿಟ್ಟುಹೋದರೆ ಡಿಲೀಟ್ ಕೂಡ ಅಲ್ಲೇ ಆಗುತ್ತದೆ, ಮೆಮೊರಿ ವಾಪಸ್ ಕೊಡಲು ಎಷ್ಟು ಹೊತ್ತು ಹಿಡಿಯುತ್ತದೋ ಯಾರಿಗೂ ಗ್ಯಾರಂಟಿ ಇಲ್ಲ. ಜ್ಯೂಸ್‌ನ ಲೂಪಿಂಗ್ ಟ್ಯುಟೋರಿಯಲ್‌ನಲ್ಲಿ ಇದಕ್ಕೆ ಜಾಣ ಉಪಾಯವಿದೆ. ಎಲ್ಲ ಬಫರ್‌ಗಳನ್ನೂ ಒಂದು ಅರೇಯಲ್ಲಿ ಇಟ್ಟುಕೊಳ್ಳುತ್ತಾರೆ, ಬ್ಯಾಕ್‌ಗ್ರೌಂಡ್ ಥ್ರೆಡ್ ಆಗಾಗ ಬಂದು ಎಣಿಕೆ ನೋಡುತ್ತದೆ. 2 ಅಂತ ಬಂದರೆ ಒಂದು ಅರೇಯದು, ಇನ್ನೊಂದು ನೋಡಲು ಬಂದವನದೇ, ಅಂದರೆ ಬಳಸುವವರು ಯಾರೂ ಇಲ್ಲ. ಅಲ್ಲೇ ತೆಗೆದುಹಾಕುತ್ತಾರೆ. ಪಾಯಿಂಟರ್ ಬದಲಿಸುವ ಆ ಕ್ಷಣಕ್ಕೆ ಮಾತ್ರ ಸ್ಪಿನ್‌ಲಾಕ್ (ನಿದ್ದೆ ಹೋಗದೆ ಸುತ್ತುತ್ತಾ ಕಾಯುವ ಬೀಗ). ಈ ಕೋಡ್ ಓದದೆ ಕೈ ಹಾಕಬೇಡಿ.

ನನ್ನ ಲೆಕ್ಕದಲ್ಲಿ ವೇವ್‌ಟೇಬಲ್, ಫಾಂಟ್, ಸ್ಯಾಂಪಲ್‌ಗಳಂಥ ಬದಲಾಗದ ವಸ್ತುಗಳಿಗೆ ಶೇರ್ಡ್‌ರಿಸೋರ್ಸ್‌ಪಾಯಿಂಟರ್‌ಗೆ ಐದಕ್ಕೆ ಐದು. ಟ್ರ್ಯಾಕ್‌ನಿಂದ ಟ್ರ್ಯಾಕ್‌ಗೆ ಸಂದೇಶ ಕಳಿಸುವ ಫೀಚರನ್ನು ಮಾತ್ರ ಇದರ ಮೇಲೆ ಕಟ್ಟಬೇಡಿ: ಬಿಟ್‌ವಿಗ್ ಅನ್ನುವ ಹೋಸ್ಟ್‌ನಲ್ಲಿ ಪ್ರತಿ ಪ್ಲಗಿನ್‌ಗೂ ಬೇರೆ ಪ್ರೊಸೆಸ್ ಅಂತ ಆಯ್ಕೆ ಮಾಡಿದವರಿಗೆ ಎಲ್ಲವೂ ಬೇರೆ ಬೇರೆ ಪ್ರತಿ, ಹಂಚಿಕೆ ಇಲ್ಲವೇ ಇಲ್ಲ.