ಬೆಂಗಾಲ್ ತಾಯಿಬೆಕ್ಕು: ಮರಿಯಾಗಿ ಬಂದ ಚುಕ್ಕಿ, ದೊಡ್ಡವಳಾಗಿ ಬಂದ ಹೊನ್ನಿ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಚುಕ್ಕಿಗೆ. ಹದಿನಾಲ್ಕು ವಾರದ ಮರಿಯಾಗಿ ನಮ್ಮ ಮನೆಗೆ ಬಂದವಳು ಅವಳು. ಹೊನ್ನಿ ಬಂದದ್ದು ಮೂರು ವರ್ಷದವಳಾಗಿ. ಅಷ್ಟು ಹೊತ್ತಿಗೆ ಎರಡು ಸಲ ಮರಿ ಹಾಕಿದ್ದಳು. ಇಬ್ಬರೂ ಬೆಂಗಾಲ್ ಬೆಕ್ಕುಗಳೇ. ಮರಿ ಮಾಡಿಸೋಕೆ ಒಂದು ಒಳ್ಳೆ ಹೆಣ್ಣು ಬೇಕು ಅಂತ ಹುಡುಕುವವರಿಗೆ ಹೆಚ್ಚಾಗಿ ಸಿಗುವುದು ಈ ಎರಡು ದಾರಿ. ಅಮೆರಿಕದ ಆಸ್ಟಿನ್ ಹತ್ತಿರದ ನಮ್ಮ ಮನೆಯಲ್ಲಿ ಎರಡನ್ನೂ ನೋಡಿ ಆಗಿದೆ.

ಹೆಣ್ಣಿನ ಬಗ್ಗೆ ಇಷ್ಟು ಯೋಚನೆ ಯಾಕೆ ಅಂತ ಅಕ್ಕ ಒಮ್ಮೆ ಫೋನಿನಲ್ಲಿ ಕೇಳಿದ್ದಳು. ಬೆಂಗಾಲ್ ಅನ್ನೋದು ಸಾಕುಬೆಕ್ಕಿಗೂ ಚಿರತೆ ಬೆಕ್ಕಿಗೂ ಹುಟ್ಟಿದ ಮಿಶ್ರ ತಳಿ. ನಮ್ಮ ಪಶ್ಚಿಮ ಘಟ್ಟದ ಕಾಡಲ್ಲೂ ಇದೆಯಲ್ಲ, ಅದೇ ಚಿರತೆ ಬೆಕ್ಕು. ಮೊದಲ ಮೂರು ತಲೆಮಾರಿನ ಗಂಡುಗಳಿಗೆ ಸಾಮಾನ್ಯವಾಗಿ ಮರಿ ಆಗುವುದಿಲ್ಲ, ಹೆಣ್ಣುಗಳಿಗೆ ಆಗುತ್ತದೆ. ತಳಿಯನ್ನು ಮುಂದಕ್ಕೆ ದಾಟಿಸಿದ್ದು ಆ ಹೆಣ್ಣುಗಳು. ಈಗ ನಾವೆಲ್ಲ ಸಾಕುವುದು ನಾಲ್ಕನೇ ತಲೆಮಾರಿನ ಆಚೆಯವು. ಆದರೂ ಮರಿಗಳ ಮೊದಲ ಮೂರು ತಿಂಗಳ ಬುದ್ಧಿ, ಹೊಟ್ಟೆ, ಧೈರ್ಯ ಎಲ್ಲ ತಾಯಿಯ ಹತ್ತಿರವೇ ತಯಾರಾಗುವುದು. ತಾಯಿ ಮನುಷ್ಯರನ್ನು ಕಂಡು ಬುಸುಗುಟ್ಟಿದರೆ ಮರಿಗಳೂ ಅದನ್ನೇ ಕಲಿಯುತ್ತವೆ.

ಮೈಬಣ್ಣದ ವಿಷಯದಲ್ಲಿ ದೊಡ್ಡ ಬೆಕ್ಕೇ ಗೆಲ್ಲುತ್ತದೆ. ಬೆಂಗಾಲ್ ಮರಿಗಳಿಗೆ ಒಂದು ತಿಂಗಳಾದ ಮೇಲೆ ಮೈಮೇಲೆ ಮಾಸಲು ನವಿರು ಎದ್ದು ಚುಕ್ಕೆಗಳೆಲ್ಲ ಮಂಕಾಗುತ್ತವೆ. ಆ ಮಂಕು ಕೆಲವು ತಿಂಗಳು ಹಾಗೇ ಇರುತ್ತದೆ. ಚುಕ್ಕಿಯನ್ನು ನೋಡಲು ಹೋದಾಗ ಬೂದಿಯಲ್ಲಿ ಹೊರಳಿ ಬಂದ ಹಾಗಿದ್ದಳು. ಅವಳ ಅಪ್ಪ ಅಮ್ಮನನ್ನು ನೋಡಿ ನಂಬಿಕೆಯಿಂದ ಮನೆಗೆ ಕರೆತಂದೆ. ಹೊನ್ನಿಯದು ಹಾಗಲ್ಲ. ಬಿಸಿಲಿಗೆ ಬಂದರೆ ಮೈಯೆಲ್ಲ ಚಿನ್ನದ ಪುಡಿ ಎರಚಿದ ಹಾಗೆ. ಈ ತಳಿಯನ್ನು ಕಟ್ಟಿದ ಜೀನ್ ಮಿಲ್ 1982ರಲ್ಲಿ ದೆಹಲಿ ಮೃಗಾಲಯದಿಂದ ಒಂದು ಬೀದಿ ಗಂಡುಬೆಕ್ಕನ್ನು ಅಮೆರಿಕಕ್ಕೆ ತಂದರು. ಅಲ್ಲಿ ಅದು ಘೇಂಡಾಮೃಗದ ಆವರಣದಲ್ಲಿ ಬದುಕಿಕೊಂಡಿತ್ತಂತೆ. ಈ ಮಿನುಗು ತಳಿಗೆ ಬಂದಿದ್ದು ಅವನಿಂದ. ಹೊನ್ನಿಯನ್ನು ನೋಡಿದಾಗೆಲ್ಲ ಅವನ ನೆನಪಾಗುತ್ತದೆ ನನಗೆ.

ಹೃದಯದ ವಿಷಯದಲ್ಲೂ ದೊಡ್ಡ ಬೆಕ್ಕಿಗೆ ಸ್ವಲ್ಪ ಅನುಕೂಲ. ಬೆಂಗಾಲ್‌ಗಳಲ್ಲಿ ಹೃದಯದ ಗೋಡೆ ದಪ್ಪಗಾಗುವ ಕಾಯಿಲೆ ಇದೆ. ಇವುಗಳಲ್ಲಿ ಅದನ್ನು ಹಿಡಿಯಲು ಡಿಎನ್‌ಎ ಪರೀಕ್ಷೆ ಇಲ್ಲ. ವರ್ಷಕ್ಕೊಮ್ಮೆ ಹೃದಯದ ಸ್ಕ್ಯಾನ್ ಮಾಡಿಸುತ್ತಲೇ ಇರಬೇಕು. ಹೊನ್ನಿಯ ಜೊತೆ ಎರಡು ವರ್ಷದ ರಿಪೋರ್ಟ್ ಬಂತು, ಮರಿಯ ಜೊತೆ ಅದು ಬರುವುದಿಲ್ಲ. ರಕ್ತಹೀನತೆ ತರುವ ಪಿಕೆ ದೋಷಕ್ಕೆ, ಕಣ್ಣು ಕಳೆಯುವ ಪಿಆರ್‌ಎ ದೋಷಕ್ಕೆ ಡಿಎನ್‌ಎ ಪರೀಕ್ಷೆ ಇದೆ, ಮರಿಗೂ ಮಾಡಿಸಬಹುದು. ಅದರಲ್ಲಿ ಇಬ್ಬರೂ ಸಮ.

ಇಷ್ಟೆಲ್ಲ ಇದ್ದೂ ಹೊನ್ನಿ ಯಾಕೆ ಸೋತಳು? ಮುಖ್ಯ ಕಾರಣ ಭೇದಿ.

ಬಂದಾಗ ಹೊನ್ನಿ ಗುಂಡುಗುಂಡಾಗಿ ಆರೋಗ್ಯವಾಗಿದ್ದಳು. ಮಲ ಸ್ವಲ್ಪ ಮೆತ್ತಗಿತ್ತು. ಊಟ ಬದಲಾಗಿದ್ದಕ್ಕೆ ಇರಬೇಕು ಅಂದುಕೊಂಡೆ. ವೆಟ್ (ಪಶುವೈದ್ಯರು) ಹತ್ತಿರ ಸಾಮಾನ್ಯ ಮಲ ಪರೀಕ್ಷೆ ಮಾಡಿಸಿದೆ, ಏನೂ ಕಾಣಲಿಲ್ಲ. ಬೆಕ್ಕಿಂದ ಬೆಕ್ಕಿಗೆ ಹರಡುವ ವೈರಸ್‌ಗಳಾದ ಲ್ಯುಕೀಮಿಯಾ, ಎಫ್‌ಐವಿ ಎರಡೂ ಇಲ್ಲ ಅಂತ ಬಂತು. ಐದೇ ದಿನ ಬೇರೆ ಕೋಣೆಯಲ್ಲಿಟ್ಟು ಆರನೇ ದಿನ ಬಾಗಿಲು ತೆಗೆದೆ. ನಾನು ಮಾಡಿದ ತಪ್ಪು ಇದು. ಮೂರನೇ ವಾರಕ್ಕೆ ಚುಕ್ಕಿಗೆ ಶುರುವಾಯಿತು. ಸಗಣಿಯ ಹಾಗೆ ಮೆತ್ತಗೆ, ಲೋಳೆ, ಒಮ್ಮೊಮ್ಮೆ ರಕ್ತದ ಗೆರೆ. ಆ ವಾಸನೆಗೆ ಇಡೀ ಮನೆ ಕಿಟಕಿ ತೆಗೆದಿಡಬೇಕಾಯಿತು. ಆಗ ಚುಕ್ಕಿ ಐದು ವಾರದ ಗಬ್ಬ.

ಮೊದಲು ಕೊಟ್ಟಿದ್ದು ಮೆಟ್ರೊನಿಡಜೋಲ್ ಅನ್ನುವ ಆಂಟಿಬಯೋಟಿಕ್. ನಾಲ್ಕು ದಿನ ಗಟ್ಟಿಯಾಯಿತು, ನಿಲ್ಲಿಸಿದ ಕೂಡಲೇ ಮತ್ತೆ ಅದೇ ಕಥೆ. ಕೊನೆಗೆ ಇನ್ನೊಬ್ಬ ವೆಟ್ ಪಿಸಿಆರ್ ಮಾಡಿಸಿ ಅಂದರು, ಮಲದಲ್ಲಿ ರೋಗಾಣುವಿನ ಡಿಎನ್‌ಎ ಹುಡುಕುವ ಪರೀಕ್ಷೆ ಅದು. ಟ್ರೈಟ್ರೈಕೋಮೊನಾಸ್ ಫೀಟಸ್ ಅನ್ನುವ ಸೂಕ್ಷ್ಮಜೀವಿ ಅಂತ ಗೊತ್ತಾಯಿತು. ಕರುಳಲ್ಲಿ ಇರುತ್ತದೆ. ಬೆಕ್ಕುಗಳು ಮಲಮೂತ್ರಕ್ಕೆ ಹಂಚಿಕೊಳ್ಳುವ ಲಿಟರ್ ಟ್ರೇಯಿಂದ ಹರಡುತ್ತದೆ. ಹೊರಗೆ ಆರೋಗ್ಯವಾಗಿ ಕಾಣುವ ಬೆಕ್ಕಲ್ಲೂ ಅಡಗಿರುತ್ತದೆ. ಒಂದೇ ಮನೆಯಲ್ಲಿ ಹಲವು ಬೆಕ್ಕು ಸಾಕುವವರಿಗೆ ಇದು ದೊಡ್ಡ ತಲೆನೋವು. ಇನ್ನೊಂದು ವಿಷಯ ನೆನಪಿಡಿ: ಈ ಪರೀಕ್ಷೆಯ ಮಲವನ್ನು ಫ್ರಿಜ್‌ನಲ್ಲಿ ಇಡಬಾರದು, ಚಳಿಗೆ ಆ ಜೀವಿ ಸಾಯುತ್ತದೆ. ನಾನು ಮೊದಲ ಸ್ಯಾಂಪಲ್ಲನ್ನು ಒಂದು ರಾತ್ರಿ ಫ್ರಿಜ್‌ನಲ್ಲಿಟ್ಟಿದ್ದೆ. ಎರಡನೇ ಸಲ ಕಳಿಸಬೇಕಾಯಿತು.

ಇದಕ್ಕೆ ಕೆಲಸ ಮಾಡುವ ಔಷಧಿ ರೊನಿಡಜೋಲ್. ದಿನಕ್ಕೊಮ್ಮೆ, ಎರಡು ವಾರ. ತುಂಬಾ ಕಹಿ, ಆದ್ದರಿಂದ ಕ್ಯಾಪ್ಸೂಲ್‌ನಲ್ಲಿ ತುಂಬಿಸಿ ತರಬೇಕು. ಮುಟ್ಟುವಾಗ ನಾವು ಗ್ಲೌಸ್ ಹಾಕಬೇಕು. ಪ್ರಮಾಣ ಜಾಸ್ತಿಯಾದರೆ ಬೆಕ್ಕು ತೂರಾಡುತ್ತದೆ, ಮೈ ನಡುಗುತ್ತದೆ. ವೆಟ್ ತೂಕ ನೋಡಿ ಬರೆದುಕೊಟ್ಟಷ್ಟೇ ಕೊಡಬೇಕು. ಗಬ್ಬದ ಬೆಕ್ಕಿಗೆ, ಹಾಲುಣಿಸುವ ಬೆಕ್ಕಿಗೆ ಕೊಡುವ ಹಾಗಿಲ್ಲ. ಹೊನ್ನಿಗೂ ನಮ್ಮ ಗಂಡುಬೆಕ್ಕಿಗೂ ಕೊಟ್ಟೆವು. ಚುಕ್ಕಿ ಮಾತ್ರ ಭೇದಿಯಲ್ಲೇ ಗಬ್ಬ ಮುಗಿಸಿ, ಭೇದಿಯಲ್ಲೇ ನಾಲ್ಕು ಮರಿಗೆ ಹಾಲು ಕೊಟ್ಟಳು. ಬೆನ್ನುಮೂಳೆ ಕೈಗೆ ಸಿಗುತ್ತಿತ್ತು. ರಾತ್ರಿ ಎರಡು ಗಂಟೆಗೆ ಎದ್ದು ಮರಿಗಳ ಊಟ ನೆನೆಸಿ ತಾಯಿಗೆ ತಿನ್ನಿಸಿದ ದಿನಗಳು ಅವು. ಏಳನೇ ವಾರಕ್ಕೆ ಮರಿಗಳಿಗೂ ತಗುಲಿತು. ಹದಿನಾಲ್ಕು ವಾರಕ್ಕೆ ಹೊಸ ಮನೆಗೆ ಹೋಗಬೇಕಿದ್ದ ಮರಿಗಳನ್ನು ಐದು ತಿಂಗಳು ಇಟ್ಟುಕೊಂಡೆ. ಮುಂಗಡ ಕೊಟ್ಟಿದ್ದ ಎರಡು ಕುಟುಂಬಗಳಿಗೆ ಹಣ ವಾಪಸ್ ಮಾಡಿದೆ.

ಕೊಟ್ಟವರಿಗೆ ಗೊತ್ತಿತ್ತೋ ಇಲ್ಲವೋ, ನಾನು ಕೇಳಲಿಲ್ಲ. ನನಗೆ ಗೊತ್ತಾಗಿದ್ದು ಇಷ್ಟು: ದೊಡ್ಡ ಬೆಕ್ಕಿನ ಜೊತೆ ಅದಿದ್ದ ಮನೆಯ ಮೂರು ವರ್ಷದ ಟ್ರೇಯೂ ಬರುತ್ತದೆ. ಮರಿಯಲ್ಲೂ ಈ ಜೀವಿ ಇರಬಹುದು, ನಿಜ. ಆದರೆ ಚುಕ್ಕಿ ಬಂದಾಗ ಮನೆಯಲ್ಲಿ ಬೇರೆ ಬೆಕ್ಕೇ ಇರಲಿಲ್ಲ. ಗಬ್ಬ ಮಾಡಿಸುವ ಮೊದಲು ಪರೀಕ್ಷೆ, ಚಿಕಿತ್ಸೆ ಎಲ್ಲಕ್ಕೂ ಸುಮಾರು ಒಂದು ವರ್ಷ ಸಮಯ ಇತ್ತು.

ಬಾಣಂತನದಲ್ಲೂ ವ್ಯತ್ಯಾಸ ಕಂಡೆ. ಚುಕ್ಕಿಗೆ ನೋವು ಬಂದರೆ ನನ್ನನ್ನು ಕರೆದುಕೊಂಡು ಹೋಗಿ ಪೆಟ್ಟಿಗೆಯ ಹತ್ತಿರ ಕೂರಿಸುತ್ತಾಳೆ. ಹುಟ್ಟಿದ ಮರಿ ಸುಮಾರು 90-100 ಗ್ರಾಂ ಇರುತ್ತದೆ, ದಿನಕ್ಕೆ 10-15 ಗ್ರಾಂ ಏರಬೇಕು. ದಿನಾ ತೂಗಲು ಅವಳು ಬಿಡುತ್ತಾಳೆ. ಹೊನ್ನಿ ನಮ್ಮಲ್ಲಿ ಹಾಕಿದ್ದು ಒಂದೇ ಸೂಲು. ನಾನು ಕೈ ಹಾಕಿದರೆ ಮರಿಗಳನ್ನು ಕಚ್ಚಿಕೊಂಡು ಬೀರುವಿನ ಹಿಂದೆ ಹೋಗುತ್ತಿದ್ದಳು. ಒಳ್ಳೆ ತಾಯಿ, ಆದರೆ ನನ್ನನ್ನು ನಂಬಲಿಲ್ಲ.

ಕಾಯುವ ತಾಳ್ಮೆ ಮಾತ್ರ ಚುಕ್ಕಿಯ ದಾರಿಯಲ್ಲಿ ಜಾಸ್ತಿ ಬೇಕು. ಏಳು ತಿಂಗಳಿಗೇ ಬೆದೆಗೆ ಬಂದಳು, ರಾತ್ರಿಯೆಲ್ಲ ಕೂಗು. ನಾವು ಹದಿನಾಲ್ಕು ತಿಂಗಳವರೆಗೆ ಗಂಡಿನ ಹತ್ತಿರ ಬಿಡಲಿಲ್ಲ. ತುಂಬಾ ತಡಮಾಡಿದರೂ ಕಷ್ಟ. ಬೆದೆ ಮೇಲೆ ಬೆದೆ ಖಾಲಿ ಹೋದರೆ ಗರ್ಭಕೋಶದಲ್ಲಿ ಕೀವು ತುಂಬುವ ಅಪಾಯ ಇದೆ.

ದುಡ್ಡಿನ ಲೆಕ್ಕದಲ್ಲಿ ಹೊನ್ನಿ ಅಗ್ಗಕ್ಕೆ ಬಂದಳು. ಆ ಉಳಿತಾಯ ಪಿಸಿಆರ್, ಔಷಧಿ, ಬಿಸಾಡಿದ ಟ್ರೇಗಳಲ್ಲೇ ಕರಗಿತು.

ಪ್ರತ್ಯೇಕ ಶೆಡ್ ಇದ್ದು, ಎರಡು ತಿಂಗಳು ದೂರ ಇಟ್ಟು, ಪಿಸಿಆರ್ ಎರಡು ಸಲ ಮಾಡಿಸುವ ಶಿಸ್ತು ಇರುವವರು ದೊಡ್ಡ ಬೆಕ್ಕನ್ನು ಧೈರ್ಯವಾಗಿ ತರಬಹುದು. ನಮ್ಮದು ಮೂರು ಕೋಣೆಯ ಮನೆ. ಬೆಕ್ಕುಗಳು ಮಲಗುವುದೂ ನಮ್ಮ ಜೊತೆಗೇ. ನನಗೆ ಮರಿಯೇ ಸರಿ.

ಹೊನ್ನಿಗೆ ಮರಿಯಾಗದ ಹಾಗೆ ಆಪರೇಷನ್ ಆಗಿದೆ. ವಾಪಸ್ ಕೊಡುವ ಯೋಚನೆ ಒಂದು ದಿನವೂ ಬರಲಿಲ್ಲ, ನಮ್ಮ ಯಜಮಾನರ ಮಡಿಲು ಬಿಟ್ಟು ಏಳುವುದಿಲ್ಲ ಅವಳು. ಚುಕ್ಕಿಗೂ ಈ ಸಲದ ಸೂಲೇ ಕೊನೆಯದು. ಮುಂದಿನ ಹೆಣ್ಣುಮರಿಗೆ ಒಬ್ಬರ ಹತ್ತಿರ ಹೆಸರು ಬರೆಸಿದ್ದೇನೆ. ಅವಳಿಗಾಗಿ ಹಿಂದಿನ ಕೋಣೆ ಖಾಲಿ ಮಾಡಿ, ಹೊಸ ಟ್ರೇ ತಂದಿಟ್ಟಾಗಿದೆ.