ರಾತ್ರಿ ಎದ್ದವರನ್ನು ಕಟ್ಟಿಹಾಕದ ಜಾಗ: ದಾವಣಗೆರೆಯ ಒಂದು ಹಿರಿಯರ ಆರೈಕೆ ಕೇಂದ್ರ

ಮರೆವಿನ ಕಾಯಿಲೆ ಇರುವ ತಂದೆ ತಾಯಿಯನ್ನು ದಾವಣಗೆರೆಯಲ್ಲಿ ಎಲ್ಲಿ ಬಿಡಬಹುದು ಎಂದು ನನ್ನನ್ನು ಕೇಳುವವರು ಹೆಚ್ಚಾಗಿದ್ದಾರೆ. ಹಾಗಾಗಿ ನಮ್ಮ ಅಪ್ಪಾಜಿ ಈಗ ಇರುವ ಕೇಂದ್ರದ ಬಗ್ಗೆ ವಿವರವಾಗಿ ಬರೆದುಬಿಡುತ್ತೇನೆ. ಕುಂದವಾಡ ಕೆರೆ ಕಡೆ ಹೋಗುವ ಹಾದಿಯಲ್ಲಿ ಹಳೆಯ ವಾಸದ ಮನೆಯೊಂದನ್ನೇ ರಿಪೇರಿ ಮಾಡಿಸಿಕೊಂಡು ನಡೆಸುತ್ತಿದ್ದಾರೆ. ಹನ್ನೆರಡು ಮಂಚ ಇವೆ. ಇಷ್ಟು ಚಿಕ್ಕ ಜಾಗದ ಹೆಸರು ಬರೆದರೆ ಒಳಗಿರುವ ಹಿರಿಯರು ಯಾರ ಮನೆಯವರೆಂಬುದೂ ಊರಿಗೆಲ್ಲ ಗೊತ್ತಾಗುತ್ತದೆ, ಅದಕ್ಕೇ ಹೆಸರು ಹಾಕಿಲ್ಲ. ನನ್ನ ಅಂಕ ಐದಕ್ಕೆ ನಾಲ್ಕು. ಆ ನಾಲ್ಕನ್ನೂ ಒಂದೇ ಕಾರಣಕ್ಕೆ ಕೊಡುತ್ತಿದ್ದೇನೆ: ಇಲ್ಲಿ ಯಾರನ್ನೂ ಕಟ್ಟಿಹಾಕುವುದಿಲ್ಲ.

ಕಟ್ಟಿಹಾಕಲು ಹಗ್ಗವೇ ಬೇಕೆಂದಿಲ್ಲ. ಕುರ್ಚಿಯಲ್ಲಿ ಕೂರಿಸಿ ಸೊಂಟಕ್ಕೆ ಬೆಡ್‌ಶೀಟ್ ಸುತ್ತಿ ಹಿಂದುಗಡೆ ಗಂಟು ಹಾಕುತ್ತಾರೆ. ಮಂಚದ ಎರಡೂ ಬದಿಗೆ ಕಂಬಿ ಏರಿಸುತ್ತಾರೆ. ಊಟ ಮುಗಿದು ಎಷ್ಟು ಹೊತ್ತಾದರೂ ಕುರ್ಚಿಯ ಮುಂದಿನ ಹಲಗೆ ತೆಗೆಯುವುದಿಲ್ಲ. ಊರುಗೋಲನ್ನು ಕೈಗೆ ಸಿಗದ ಕಡೆ ಇಡುತ್ತಾರೆ, ಕನ್ನಡಕ ತೆಗೆದಿಡುತ್ತಾರೆ, ಹೊರಗಿನಿಂದ ಚಿಲಕ ಹಾಕುತ್ತಾರೆ. ಮಾತ್ರೆ ಕೊಟ್ಟು ಮಲಗಿಸುವವರೂ ಇದ್ದಾರೆ. ಜಾಗ ಹುಡುಕಿಕೊಂಡು ಓಡಾಡಿದಾಗ ಇದರಲ್ಲಿ ಬಹುಪಾಲನ್ನು ಕಣ್ಣಾರೆ ನೋಡಿದೆ. ಕೇಳಿದರೆ ಎಲ್ಲ ಕಡೆಯೂ ಒಂದೇ ಉತ್ತರ: "ಬಿದ್ದುಗಿದ್ದಾರು ಅಂತ ಮೇಡಂ, ಅವರ ಒಳ್ಳೇದಕ್ಕೇ."

ಅಪ್ಪಾಜಿಗೆ ಮೊದಲು ಕೈ ಕಟ್ಟಿದ್ದು ಒಂದು ಆಸ್ಪತ್ರೆಯಲ್ಲಿ. ಮೂತ್ರದ ಸೋಂಕಾಗಿ ಜ್ವರ ಏರಿತ್ತು, ಎಲ್ಲಿದ್ದೇನೆ ಎಂಬುದೇ ಗೊತ್ತಿರಲಿಲ್ಲ, ಸಲೈನ್ ಪೈಪನ್ನು ಕಿತ್ತು ಕಿತ್ತು ಹಾಕುತ್ತಿದ್ದರು. ಬೆಳಿಗ್ಗೆ ಹೋಗಿ ನೋಡಿದರೆ ಎರಡೂ ಮಣಿಕಟ್ಟಿಗೆ ಬ್ಯಾಂಡೇಜ್ ಬಟ್ಟೆ ಸುತ್ತಿ ಮಂಚದ ಕಂಬಿಗೆ ಕಟ್ಟಿದ್ದಾರೆ. ಬಿಚ್ಚಿದ ಮೇಲೂ ಚರ್ಮದ ಮೇಲೆ ನೇಯ್ಗೆಯ ಗುರುತು ಹಾಗೇ ಇತ್ತು. "ರಾತ್ರಿ ಇಡೀ ವಾರ್ಡಿಗೆ ನಾವಿಬ್ರೇ ಮೇಡಂ" ಎಂದರು ಸಿಸ್ಟರ್. ಅವರ ಕಣ್ಣಲ್ಲೂ ನಿದ್ದೆ ಇರಲಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ. ಇಡೀ ವಾರ್ಡನ್ನು ಇಬ್ಬರ ತಲೆಗೆ ಕಟ್ಟಿದವರ ಮೇಲೆ ಇದೆ, ಇವತ್ತಿಗೂ ಇದೆ. ಅಲ್ಲಿಂದ ಬಂದ ಮೇಲೆ ಅಪ್ಪಾಜಿ ಯಾರಾದರೂ ಕೈ ಹಿಡಿಯಲು ಬಂದರೆ ಸಾಕು, ಕಿರುಚುತ್ತಿದ್ದರು. ನಡಿಗೆಯೂ ಹೋಗಿತ್ತು. ವಯಸ್ಸಾದವರು ಅಲುಗಾಡದೆ ಮಲಗಿದರೆ ಕಾಲಿನ ಬಲ ಬಹಳ ಬೇಗ ಇಳಿಯುತ್ತದೆ. ಬೆನ್ನಿಗೆ ಹುಣ್ಣು, ನ್ಯುಮೋನಿಯಾ, ಇನ್ನಷ್ಟು ಗೊಂದಲ ಎಲ್ಲ ಅದರ ಹಿಂದೆಯೇ ಬರುತ್ತವೆ. ಬೀಳಬಾರದೆಂದು ಕಟ್ಟುತ್ತಾರೆ, ಬಿಚ್ಚಿದ ದಿನ ಬೀಳುವುದು ಆ ಸೋತ ಕಾಲಿನಿಂದಲೇ.

ಇನ್ನು ಈ ಕೇಂದ್ರ. ಸೇರಿಸಿಕೊಳ್ಳುವ ಮುಂಚೆ ಇಲ್ಲಿನ ಮೇಲ್ವಿಚಾರಕಿ ನನ್ನನ್ನು ಕೂರಿಸಿಕೊಂಡು ಕೇಳಿದ ಪ್ರಶ್ನೆಗಳನ್ನು ಬೇರೆ ಯಾವ ಕಡೆಯೂ ಕೇಳಿರಲಿಲ್ಲ. ಬಿಪಿ, ಶುಗರ್ ಆಮೇಲೆ. ಮೊದಲು, ಏನು ಕೆಲಸ ಮಾಡುತ್ತಿದ್ದರು? ಯಾವ ಪಾಳಿ? ಮಂಚದ ಯಾವ ಬದಿಯಿಂದ ಇಳಿದು ಅಭ್ಯಾಸ? ಮನೆಯಲ್ಲಿ ಏನಂತ ಕರೆಯುತ್ತೀರಿ? ಬೆಳಿಗ್ಗೆ ವಿಭೂತಿ ಹಚ್ಚಿಕೊಳ್ಳದೆ ಚಹಾ ಕುಡಿಯುತ್ತಾರೋ ಇಲ್ಲವೋ? ಯಾವ ಕಿವಿ ಚೆನ್ನಾಗಿ ಕೇಳುತ್ತದೆ? ಅಪ್ಪಾಜಿ ಕಾಟನ್ ಮಿಲ್ಲಿನಲ್ಲಿ ನೂಲುವ ವಿಭಾಗದಲ್ಲಿದ್ದವರು, ಬಹುಪಾಲು ವಯಸ್ಸು ರಾತ್ರಿ ಪಾಳಿಯಲ್ಲೇ ಕಳೆಯಿತು ಎಂದೆ. ಅವರು ಅದನ್ನು ಬರೆದುಕೊಂಡು ಅಡಿಗೆರೆ ಎಳೆದರು. ಆಗ ನನಗೆ ಅದರ ಅರ್ಥ ಆಗಿರಲಿಲ್ಲ.

ಶುರುವಿನ ಕೆಲವು ರಾತ್ರಿ ಮನೆಯವರು ಜೊತೆಗಿರಲು ಬಿಡುತ್ತಾರೆ, ನಾನೂ ಇದ್ದೆ. ಊರೆಲ್ಲ ಮಲಗುವ ಹೊತ್ತಿಗೆ ಅಪ್ಪಾಜಿ ಎದ್ದು ಕೂತರು. ಪಂಚೆ ಸರಿಮಾಡಿಕೊಂಡು ಚಪ್ಪಲಿ ಹುಡುಕತೊಡಗಿದರು. ರಾತ್ರಿ ಡ್ಯೂಟಿಯ ಹೆಣ್ಣುಮಗಳು ಓಡಿ ಬರಲಿಲ್ಲ, ಕೈ ಹಿಡಿಯಲಿಲ್ಲ. ಎದುರುಗಡೆಯಿಂದ ಬಂದು, ಅವರ ಕಣ್ಣಿಗೆ ಕಾಣುವ ಹಾಗೆ ಕುಕ್ಕರಗಾಲಲ್ಲಿ ಕೂತಳು.

"ಎಲ್ಲಿಗೆ ಹೊಂಟ್ರಿ ಅಜ್ಜಾರೆ?"

"ಪಾಳಿಗೆ ಹೊತ್ತಾತು."

"ಹೌದಾ? ಹಂಗಾರೆ ಕಾಲ್ಮಡಿದು ಬರ್ರಿ ಮೊದ್ಲು. ಒಳಗ ಹೋದ್ಮ್ಯಾಲೆ ಆಗಂಗಿಲ್ಲ."

ಎದ್ದು ಅವಳ ಹಿಂದೆಯೇ ಹೋದರು. ಶೌಚಾಲಯದ ಬಾಗಿಲಿಗೆ ದಟ್ಟ ಹಳದಿ ಬಣ್ಣ, ಉಳಿದ ಬಾಗಿಲುಗಳೆಲ್ಲ ಗೋಡೆಯ ಬಣ್ಣದವು. ಮಂಚದಿಂದ ಅಲ್ಲಿಯವರೆಗೆ ನೆಲದ ಪಕ್ಕದಲ್ಲಿ ಸಣ್ಣ ದೀಪಗಳಿವೆ. ಬಂದವರನ್ನು ಅವಳು ಮಲಗಿ ಅನ್ನಲಿಲ್ಲ. ಪಡಸಾಲೆಯ ಉದ್ದಕ್ಕೂ ಜೊತೆಗೆ ನಡೆದಳು. ಆಮೇಲೆ ಕೂರಿಸಿ ಅಂಚಿನ ದಾರ ಬಿಟ್ಟ ಒಂದು ಹಳೆಯ ಟವೆಲ್ ಕೈಗಿತ್ತಳು. ಅಪ್ಪಾಜಿಯ ಹೆಬ್ಬೆರಳು ತೋರುಬೆರಳು ತಾವಾಗಿಯೇ ಎಳೆ ಹಿಡಿದು ಹೊಸೆಯತೊಡಗಿದವು. ಹರಿದ ನೂಲನ್ನು ಕೂಡಿಸಿ ಕೂಡಿಸಿ ಅಭ್ಯಾಸವಾದ ಬೆರಳು ಅವು. ಆಸ್ಪತ್ರೆಯಲ್ಲಿ ಸಲೈನ್ ಪೈಪಿನ ಮೇಲೆ ಹೋಗಿದ್ದೂ ಇದೇ ಬೆರಳು. ಸುಮಾರು ಹೊತ್ತಿನ ಮೇಲೆ ತಾವೇ ಆಕಳಿಸಿ ಮಲಗಲು ಹೊರಟರು.

ಮಂಚಗಳು ತಗ್ಗು, ಒಂದಡಿ ಎತ್ತರ ಇದ್ದಾವು. ಇಳಿಯುವ ಬದಿಯಲ್ಲಿ ತೆಳುವಾದ ಹಾಸಿಗೆ ಹಾಕಿರುತ್ತಾರೆ. ಬೆಂಗಳೂರಿನಲ್ಲಿರುವ ನನ್ನ ತಮ್ಮನಿಗೆ ಇದು ಹಿಡಿಸಲಿಲ್ಲ. ಕಂಬಿ ಇಲ್ಲದ ಮಂಚ ಎಂದರೆ ಏನರ್ಥ, ಇಷ್ಟು ದುಡ್ಡು ಕೊಡುವುದು ಯಾಕೆ ಎಂದು ಫೋನಿನಲ್ಲಿ ಜಗಳವನ್ನೇ ಆಡಿದ. ಮೇಲ್ವಿಚಾರಕಿ ಅವನಿಗೆ ಸಮಾಧಾನವಾಗಿ ವಿವರಿಸಿದರು. ಗೊಂದಲದಲ್ಲಿರುವವರು ಕಂಬಿ ಕಂಡರೆ ಮಲಗುವುದಿಲ್ಲ, ಹತ್ತಿ ದಾಟಲು ನೋಡುತ್ತಾರೆ. ಆಗ ಬೀಳುವುದು ಮಂಚಕ್ಕಿಂತ ಎತ್ತರದಿಂದ, ಅದೂ ತಲೆ ಕೆಳಗಾಗಿ. ಕಂಬಿಗೂ ಹಾಸಿಗೆಗೂ ನಡುವೆ ಕತ್ತು ಸಿಕ್ಕಿಕೊಂಡು ಜೀವ ಹೋದದ್ದೂ ಉಂಟು. ಅಮೆರಿಕದಲ್ಲಿ 1987ರಲ್ಲೇ ನರ್ಸಿಂಗ್ ಹೋಮ್‌ಗಳಿಗೆ ಕಾನೂನು ತಂದು, ಶಿಸ್ತಿಗಾಗಲಿ ಸಿಬ್ಬಂದಿಯ ಅನುಕೂಲಕ್ಕಾಗಲಿ ಯಾರನ್ನೂ ಕಟ್ಟಬಾರದು ಎಂದರು, ಅಲ್ಲಿಂದ ಈಚೆಗೆ ಕಟ್ಟುವುದು ಬಹಳ ಕಡಿಮೆಯಾಯಿತು. ತಮ್ಮ ಪೂರ್ತಿ ಒಪ್ಪಿದ ಎನ್ನಲಾರೆ. ಸುಮ್ಮನಾದ.

ಅಪ್ಪಾಜಿ ಇಲ್ಲೂ ಬಿದ್ದಿದ್ದಾರೆ, ಮುಚ್ಚಿಡುವುದಿಲ್ಲ. ನೆಲದ ಹಾಸಿಗೆಯ ಮೇಲೆ ಬಿದ್ದು ಮೊಣಕೈ ತರಚಿತ್ತು. ನನಗೆ ಫೋನ್ ಬಂದಾಗ ಇನ್ನೂ ಮಸುಕು ಕತ್ತಲೆ. ಹೇಗೆ ಬಿದ್ದರು, ಆಗ ಯಾರು ಎಲ್ಲಿದ್ದರು ಎಂಬುದನ್ನು ಒಂದೂ ಬಿಡದೆ ಹೇಳಿದರು. ನಡೆಯುವ ಮನುಷ್ಯ ಒಮ್ಮೊಮ್ಮೆ ಬೀಳುತ್ತಾನೆ. ನಡೆಯಲಿ ಎಂದು ನಾನು ಸಹಿ ಹಾಕಿಯೇ ಸೇರಿಸಿದ್ದೇನೆ.

ನಾನು ಸಹಕಾರಿ ಬ್ಯಾಂಕಿನ ಕೌಂಟರಿನಲ್ಲಿ ಕೂರುವವಳು. ಬರೆದಿಡದ ಲೆಕ್ಕವನ್ನು ನಂಬುವ ಅಭ್ಯಾಸ ನನಗಿಲ್ಲ. ಅದಕ್ಕೇ ಇಲ್ಲಿನ ರಿಜಿಸ್ಟರ್ ನನಗೆ ಎಲ್ಲಕ್ಕಿಂತ ಹೆಚ್ಚು ಧೈರ್ಯ ಕೊಟ್ಟಿತು. ಪುಟಕ್ಕೆ ಮೂರು ಮನೆ: ಅದಕ್ಕೆ ಮುಂಚೆ ಏನಾಗಿತ್ತು, ಹಿರಿಯರು ಏನು ಮಾಡಿದರು, ಆಮೇಲೆ ನಾವು ಏನು ಮಾಡಿದೆವು. ಮೇಲ್ವಿಚಾರಕಿ ಹಿಂದೆ ವಿಶೇಷ ಮಕ್ಕಳ ಶಾಲೆಯಲ್ಲಿ ಕೆಲಸ ಮಾಡಿದವರು, ಈ ಪದ್ಧತಿ ಅಲ್ಲಿಯದು. ಮಾತು ಬಾರದ ಮಗು ತಲೆ ಚಚ್ಚಿಕೊಂಡರೆ ಕೈ ಹಿಡಿದು ನಿಲ್ಲಿಸುವ ಮೊದಲು ಅದಕ್ಕೆ ಮುಂಚಿನ ಕ್ಷಣ ನೋಡಬೇಕಂತೆ. ಮಿಕ್ಸಿ ಸದ್ದಾಯಿತೋ, ಹಸಿವೋ, ಹಲ್ಲು ನೋವೋ. ಮಾತು ಕಳೆದುಕೊಳ್ಳುತ್ತಿರುವ ಹಿರಿಯರಿಗೂ ಅದೇ ದಾರಿ ಎಂದು ಅವರು ಇಲ್ಲಿಗೆ ತಂದಿದ್ದಾರೆ. ಅಪ್ಪಾಜಿಯ ಪುಟಗಳನ್ನು ನಾನು ಓದಿದೆ. ಪಾಳಿಯ ಹೊತ್ತು ಬಿಟ್ಟು ನಡುರಾತ್ರಿಯೂ ಪದೇ ಪದೇ ಎದ್ದು ಕೂರುತ್ತಿದ್ದರಲ್ಲ, ಆ ಸಾಲುಗಳಲ್ಲೆಲ್ಲ "ಎಡ ಮೊಣಕಾಲು ಉಜ್ಜಿಕೊಳ್ಳುತ್ತಿದ್ದರು" ಎಂದು ಬೇರೆ ಬೇರೆ ಕೈಬರಹದಲ್ಲಿ ಇತ್ತು. ನೋಯುತ್ತದೆ ಎಂದು ಅವರು ಬಾಯಿಬಿಟ್ಟು ಹೇಳಿಲ್ಲ, ಹೇಳಲು ಬರುವುದಿಲ್ಲ. ಡಾಕ್ಟರಿಗೆ ತೋರಿಸಿ ರಾತ್ರಿ ಊಟದ ನಂತರ ಪ್ಯಾರಾಸಿಟಮಾಲ್ ಶುರು ಮಾಡಿದರು. ಏಳುವುದು ತಾನಾಗಿ ಕಡಿಮೆಯಾಯಿತು. ಮಲಬದ್ಧತೆ ಇದ್ದ ದಿನ ರೇಗುತ್ತಾರೆ ಎಂಬುದೂ ಆ ಪುಟಗಳಿಂದಲೇ ಗೊತ್ತಾದದ್ದು.

ಅದೇ ಪುಸ್ತಕದ ಹಿಂಭಾಗದಲ್ಲಿ ಕೆಂಪು ಶಾಯಿಯ ಕೆಲವು ಸಾಲುಗಳಿವೆ. ಯಾರನ್ನಾದರೂ ಬಲವಂತವಾಗಿ ಹಿಡಿಯಬೇಕಾಗಿ ಬಂದರೆ ಯಾರು ಹಿಡಿದರು, ಯಾಕೆ, ಎಷ್ಟು ನಿಮಿಷ ಎಂದು ಅಲ್ಲಿ ಬರೆಯುತ್ತಾರೆ, ಅದೇ ದಿನ ಮನೆಯವರಿಗೆ ತಿಳಿಸುತ್ತಾರೆ. ಇದು ಇವರ ಸ್ವಂತ ಕಲ್ಪನೆಯಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 97ನೇ ಕಲಂ ಮಾನಸಿಕ ಆರೋಗ್ಯ ಸಂಸ್ಥೆಗಳಿಗೆ ಹೇಳಿರುವುದನ್ನೇ ಇವರು ತಮಗೂ ಹಾಕಿಕೊಂಡಿದ್ದಾರೆ. ಆ ಕಲಂ ಪ್ರಕಾರ ಒಂಟಿಯಾಗಿ ಕೂಡಿಹಾಕುವಂತೆಯೇ ಇಲ್ಲ. ಆ ಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಿದ್ದಾಗ ಮಾತ್ರ, ಮನೋವೈದ್ಯರ ಅನುಮತಿಯಿಂದ, ಬೇಕಾದಷ್ಟೇ ಹೊತ್ತು ತಡೆದು ಹಿಡಿಯಬಹುದು. ಶಿಕ್ಷೆಯಾಗಿ ಕೂಡದು. ಬರೆದಿಡಬೇಕು. ರೋಗಿಯ ಪ್ರತಿನಿಧಿಗೆ 24 ಗಂಟೆಯೊಳಗೆ ತಿಳಿಸಬೇಕು. ನನಗೆ ಬಹಳ ಬೇಕಾದ ಮಾತು ಇನ್ನೊಂದಿದೆ: ಸಿಬ್ಬಂದಿ ಸಾಲದು ಎಂಬ ಕಾರಣಕ್ಕೆ ಕಟ್ಟುವಂತಿಲ್ಲ. "ನಾವಿಬ್ರೇ ಮೇಡಂ" ಎಂಬ ಮಾತಿಗೆ ಕಾನೂನಿನಲ್ಲೇ ಉತ್ತರ ಇದೆ. ಸರಪಳಿ ಹಾಕುವುದನ್ನಂತೂ 95ನೇ ಕಲಂ ಪೂರ್ತಿಯಾಗಿ ನಿಷೇಧಿಸಿದೆ.

ಮಾತ್ರೆಯ ವಿಷಯದಲ್ಲೂ ಇವರು ಕಟ್ಟುನಿಟ್ಟು. ಸಂಜೆಯಾದರೆ ಗಲಾಟೆ ಮಾಡುತ್ತಾರೆಂದು ಇದಕ್ಕೆ ಮುಂಚೆ ಇದ್ದ ಕಡೆ ಅಪ್ಪಾಜಿಗೆ ಒಂದು ಮಾತ್ರೆ ಹಾಕುತ್ತಿದ್ದರು, ಮರುದಿನ ಮಧ್ಯಾಹ್ನದವರೆಗೂ ತಲೆ ಎತ್ತುತ್ತಿರಲಿಲ್ಲ. ಇಲ್ಲಿಗೆ ಬರುವ ಡಾಕ್ಟರು ಮೊದಲು ಕೇಳಿದ್ದೇ ಅದನ್ನು ಯಾಕೆ ಕೊಡುತ್ತಿದ್ದೀರಿ ಎಂದು. ಮರೆವಿನ ಕಾಯಿಲೆಯ ಹಿರಿಯರಿಗೆ ಆಂಟಿಸೈಕೋಟಿಕ್ ಎನ್ನುವ ಆ ಜಾತಿಯ ಮಾನಸಿಕ ಔಷಧಗಳು ಸಾವಿನ ಅಪಾಯ ಹೆಚ್ಚಿಸುತ್ತವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲೇ ಎಚ್ಚರಿಕೆ ಕೊಟ್ಟಿದೆ. ಡಾಕ್ಟರು ಒಮ್ಮೆಲೇ ನಿಲ್ಲಿಸದೆ ಹಂತಹಂತವಾಗಿ ಇಳಿಸಿದರು. ಓದುವವರು ದಯವಿಟ್ಟು ನೀವಾಗಿಯೇ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ.

ಕಳೆದ ಒಂದು ಅಂಕದ ಲೆಕ್ಕ ಹೇಳುತ್ತೇನೆ. ರಾತ್ರಿ ಹನ್ನೆರಡು ಮಂಚಕ್ಕೆ ಒಬ್ಬಳೇ ಆಯಾ, ಹೊರಗೆ ಒಬ್ಬ ವಾಚ್‌ಮನ್. ಅವಳು ಎಷ್ಟೇ ಜಾಣೆಯಾದರೂ ಇಬ್ಬರು ಒಟ್ಟಿಗೆ ಎದ್ದರೆ ಏನು ಮಾಡಬೇಕು? ಇನ್ನೊಬ್ಬರನ್ನು ಇಡಿ ಎಂದು ಬಾಯಲ್ಲೂ ಹೇಳಿದ್ದೇನೆ, ಬರೆದೂ ಕೊಟ್ಟಿದ್ದೇನೆ. ಮುಂದಿನ ಗೇಟಿಗೆ ರಾತ್ರಿ ಬೀಗ ಹಾಕುತ್ತಾರೆ. ಎದುರಿಗೇ ರಸ್ತೆ, ಅದು ಸರಿ. ಆದರೆ ಬೀಗದ ಕೈ ವಾಚ್‌ಮನ್ ಸೊಂಟದಲ್ಲಿ ಒಂದೇ ಇತ್ತು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ ಮಾನಸಿಕ ರೋಗಿಗಳು ಓಡಲಾಗದೆ 28 ಜನ ಸುಟ್ಟುಹೋದರು. ಅದನ್ನು ನೆನಪಿಸಿ ಕೇಳಿದ ಮೇಲೆ ಇನ್ನೊಂದು ಬೀಗದ ಕೈಯನ್ನು ಆಯಾ ಕೂರುವ ಜಾಗದ ಮೊಳೆಗೆ ತೂಗುಹಾಕಿದರು. ಹೋದಾಗಲೆಲ್ಲ ಅದು ಅಲ್ಲೇ ಇದೆಯೇ ಎಂದು ನೋಡುತ್ತೇನೆ.

ದುಗ್ಗಮ್ಮನ ಜಾತ್ರೆ ಹೊತ್ತಿನಲ್ಲಿ ಅರ್ಧ ಸಿಬ್ಬಂದಿ ರಜೆ ಹೋದರು. ಆಗ ಮನೆಯವರಿಗೆ ಫೋನ್ ಮಾಡಿ, ಸರದಿಯ ಮೇಲೆ ಬಂದು ಕೂತುಕೊಳ್ಳಿ, ಜನ ಸಾಲದು ಎಂದರು. ಕೆಲವರು ಬೈದರು. ಹಬ್ಬದ ಅಡುಗೆ ಬಿಟ್ಟು ಹೋಗುವುದು ನನಗೂ ಕಷ್ಟವಾಯಿತು, ಆದರೂ ಕೇಳಿದ್ದು ಸರಿ ಎಂದೇ ಹೇಳುತ್ತೇನೆ. ಕೇಳದೆ ಬೆಡ್‌ಶೀಟ್ ಸುತ್ತಿಬಿಡುವುದು ಅವರಿಗೆ ಸುಲಭವಿತ್ತು.

ಊಟ ಸಾಧಾರಣ, ಸಾರಿಗೆ ಉಪ್ಪು ಖಾರ ತೀರಾ ಕಡಿಮೆ. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಡಿ ಎಂದರೆ ಕೊಡುತ್ತಾರೆ. ಖರ್ಚು ತಿಂಗಳಿಗೆ 22,000 ರೂಪಾಯಿ, ಡಯಾಪರ್ ಮತ್ತು ಔಷಧ ಬೇರೆ. ನಾನೂ ತಮ್ಮನೂ ಹಂಚಿಕೊಳ್ಳುತ್ತೇವೆ. ಎಲ್ಲರಿಗೂ ಇದು ಆಗುವ ಮಾತಲ್ಲ ಎಂಬುದು ನನಗೆ ಗೊತ್ತು. ಅದಕ್ಕೇ ಹೇಳುತ್ತೇನೆ: ತಗ್ಗು ಮಂಚ, ಶೌಚಾಲಯದ ದಾರಿಗೆ ದೀಪ, ಹಳೆ ಟವೆಲ್, ಒಂದು ನೋಟ್‌ಬುಕ್ ಇಷ್ಟನ್ನು ಮನೆಯಲ್ಲೂ ಮಾಡಿಕೊಳ್ಳಬಹುದು.

ಇದೋ ಇನ್ನಾವುದೋ ಜಾಗ ನೋಡಲು ಹೋಗುವವರು ಬೆಳಿಗ್ಗೆ ಹೋಗಬೇಡಿ, ಬೆಳಿಗ್ಗೆ ಎಲ್ಲ ಕಡೆಯೂ ಚೆನ್ನಾಗಿರುತ್ತದೆ. ಮರೆವಿನ ಕಾಯಿಲೆಯವರಿಗೆ ಚಡಪಡಿಕೆ ಹೆಚ್ಚುವುದು ಹೊತ್ತು ಮುಳುಗುವಾಗ, ಆಗ ಹೋಗಿ. ಊರುಗೋಲು ಹಿರಿಯರ ಕೈಗೆಟುಕುವ ಹಾಗಿದೆಯೋ ಆಫೀಸಿನ ಮೂಲೆಯಲ್ಲಿದೆಯೋ ನೋಡಿ. ಮಣಿಕಟ್ಟು ನೋಡಿ. ರಾತ್ರಿ ಯಾರಾದರೂ ಎದ್ದರೆ ಏನು ಮಾಡುತ್ತೀರಿ ಎಂದು ಮ್ಯಾನೇಜರನ್ನು ಬಿಟ್ಟು ಆಯಾಳನ್ನು ಕೇಳಿ. ಎಲ್ಲಾದರೂ ಹಿರಿಯರನ್ನು ಕಟ್ಟಿ ಹಾಕಿದ್ದು ಕಂಡರೆ ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ. ಈ ಕೇಂದ್ರದಲ್ಲಿ ಸದ್ಯ ಗಂಡಸರ ಕೋಣೆ ತುಂಬಿದೆ, ಹೆಂಗಸರ ಕೋಣೆಯಲ್ಲಿ ಒಂದು ಮಂಚ ಖಾಲಿ ಇದೆ.